ರ‍್ಯಾಂಡ್ ಗಣಿಗಳ ಕಾರ್ಮಿಕ ಚಳುವಳಿಯೂ ವರ್ಣನಿರ್ಬಂಧವೂ: 1922ರ ಮುಷ್ಕರದ ವಿವೇಚನೆ

ಸಮಾನತೆಯನ್ನು ಧ್ಯೇಯವಾಗಿ ಸಾರಿದ ಚಳುವಳಿಗಳು ತಮ್ಮೊಳಗಿನ ಅಸಮಾನತೆಯನ್ನು ಎಷ್ಟರಮಟ್ಟಿಗೆ ಎದುರಿಸಿದುವೆಂಬುದು ಆಧುನಿಕ ಇತಿಹಾಸದ ಮುಖ್ಯ ಪ್ರಶ್ನೆಗಳಲ್ಲೊಂದು. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳಲ್ಲಿ 1922ರಲ್ಲಿ ಬಿಳಿಯ ಕಾರ್ಮಿಕರು ನಡೆಸಿದ ಮುಷ್ಕರವು ಈ ಪ್ರಶ್ನೆಯ ವಿಚಾರಣೆಗೆ ವಿಶೇಷವಾಗಿ ಒದಗುತ್ತದೆ. ಜಗತ್ತಿನ ಕಾರ್ಮಿಕರೆಲ್ಲರೂ ಒಂದಾಗಿ ಬಿಳಿಯರ ದಕ್ಷಿಣ ಆಫ್ರಿಕಕ್ಕಾಗಿ ಹೋರಾಡಬೇಕೆಂಬ ಘೋಷಣೆಯನ್ನು ಮುಷ್ಕರಗಾರರು ಬಟ್ಟೆಯ ಮೇಲೆ ಬರೆದು ಮೆರವಣಿಗೆಯಲ್ಲಿ ಒಯ್ದರು. ಅದರ ಮೊದಲರ್ಧವನ್ನು ಎರಡನೆಯ ಅರ್ಧವೇ ಅಲ್ಲಗಳೆಯುತ್ತದೆ. ಇಂಥ ವಿರೋಧಾಭಾಸವು ಹೇಗೆ ಉಂಟಾಯಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

1886ರಲ್ಲಿ ಪತ್ತೆಯಾದ ರ‍್ಯಾಂಡ್ ನಿಕ್ಷೇಪವು ವಿಸ್ತಾರದಲ್ಲಿ ದೊಡ್ಡದಾದರೂ ಅದಿರಿನಲ್ಲಿ ಚಿನ್ನದ ಅಂಶ ಬಹಳ ಕಡಮೆ. ಅದೂ ಭೂಮಿಯ ಆಳದಲ್ಲಿತ್ತು. ಚಿನ್ನದ ಬೆಲೆಯಾದರೋ ಅಂತರರಾಷ್ಟ್ರೀಯವಾಗಿ ನಿಶ್ಚಿತವಾದುದು. ಆದುದರಿಂದ ಗಣಿಯ ಮಾಲೀಕರು ಲಾಭವನ್ನು ಉಳಿಸಿಕೊಳ್ಳಬೇಕಾದರೆ ಕೂಲಿಯ ವೆಚ್ಚವನ್ನು ತಗ್ಗಿಸುವುದೇ ಮುಖ್ಯ ಮಾರ್ಗವಾಗಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್ ಮೊದಲಾದ ಕಡೆಗಳಿಂದ ಬಂದ ಕುಶಲ ಕಾರ್ಮಿಕನಿಗೆ ಸಂಘವಿತ್ತು, ಮತದ ಹಕ್ಕಿತ್ತು. ಮೊಜಾಂಬಿಕ್, ಬಸೂಟೊಲೆಂಡ್, ಟ್ರಾನ್ಸ್‌ಕೈಗಳಿಂದ ಕರಾರಿನ ಮೇಲೆ ತಂದ ಆಫ್ರಿಕನ್ ಕಾರ್ಮಿಕನು ಸದಾ ರಹದಾರಿಯನ್ನು ಇಟ್ಟುಕೊಂಡಿರಬೇಕಾಗಿತ್ತು. ಗಣಿಯ ಕಾವಲು ವಠಾರದಲ್ಲಿ ವಾಸಿಸಬೇಕಾಗಿತ್ತು. ಅವಧಿಗೆ ಮುಂಚೆ ಕೆಲಸ ಬಿಟ್ಟರೆ ಅಪರಾಧಿಯಾಗುತ್ತಿದ್ದನು. ಅವನ ಕೂಲಿ ಕಡಮೆಯಾದುದು ಅವನ ಸಾಮರ್ಥ್ಯ ಕಡಮೆಯಾದುದರಿಂದಲ್ಲ. ಕಾನೂನು ಅವನ ಕೈಕಟ್ಟಿದ್ದರಿಂದ. ಈ ಅಂಶವನ್ನು ಮರೆತರೆ ಮುಂದಿನ ಘಟನೆಗಳು ಅರ್ಥವಾಗಲಾರವು.

ಅಗ್ಗದ ಕೂಲಿಯವರು ತನ್ನ ಕೆಲಸವನ್ನು ಕಸಿದುಕೊಂಡಾರೆಂಬ ಬಿಳಿಯ ಕಾರ್ಮಿಕನ ಭಯವು ನಿರಾಧಾರವಾದುದಲ್ಲ. ಇದಕ್ಕೆ ಪರಿಹಾರಗಳು ಎರಡು. ರಹದಾರಿ ಮತ್ತು ಕರಾರುಗಳ ಬಂಧನವನ್ನು ಮುರಿದು, ಸಮಾನ ಕೆಲಸಕ್ಕೆ ಸಮಾನ ಕೂಲಿಯನ್ನು ಕೇಳುವುದು ಒಂದು. ಮೇಲಿನ ಕೆಲಸಗಳ ಬಾಗಿಲನ್ನು ವರ್ಣದ ಆಧಾರದಿಂದ ಮುಚ್ಚುವುದು ಇನ್ನೊಂದು. ಬಹುಮಂದಿ ಎರಡನೆಯದನ್ನೇ ಹಿಡಿದರು. ಸಮಾಜವಾದದ ಮಾತನ್ನಾಡುತ್ತಿದ್ದ ಲೇಬರ್ ಪಕ್ಷವೇ ಜನಾಂಗಗಳ ಪ್ರತ್ಯೇಕತೆಯನ್ನು ತನ್ನ ನೀತಿಯಾಗಿ ಒಪ್ಪಿತು. 1911ರ ಗಣಿ ಕಾಯಿದೆಯ ನಿಯಮಗಳು ಅನೇಕ ಕುಶಲ ಕೆಲಸಗಳನ್ನು ಬಿಳಿಯರಿಗೆ ಮೀಸಲಿಟ್ಟುವು. 1918ರ ಯಥಾಸ್ಥಿತಿ ಒಪ್ಪಂದವು ಅರೆಕುಶಲ ಕೆಲಸಗಳಿಗೂ ಈ ರಕ್ಷಣೆಯನ್ನು ಒದಗಿಸಿತು.

1920ರ ಫೆಬ್ರವರಿಯಲ್ಲಿ ಸುಮಾರು 70,000 ಮಂದಿ ಆಫ್ರಿಕನ್ ಕಾರ್ಮಿಕರು ಕೂಲಿಯ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. ಐಕ್ಯಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೊಂದಿರಲಿಲ್ಲ. ಸಣ್ಣದೊಂದು ಸಮಾಜವಾದಿ ಗುಂಪು ಮುಷ್ಕರವನ್ನು ಮುರಿಯಬಾರದೆಂದು ಬಿಳಿಯರನ್ನು ಬೇಡಿಕೊಂಡಿತು. ಆದರೆ ಬಿಳಿಯರ ಸಂಘಗಳು ನೆರವಿಗೆ ಬರಲಿಲ್ಲ. ಪೊಲೀಸರೂ ಸೈನಿಕರೂ ವಠಾರಗಳನ್ನು ಸುತ್ತುಗಟ್ಟಿ ಮುಷ್ಕರವನ್ನು ಅಡಗಿಸಿದರು.

ಎರಡು ವರ್ಷಗಳೊಳಗಾಗಿ ಬಿಳಿಯರ ಸರದಿಯೂ ಬಂದಿತು. ಯುದ್ಧಾನಂತರ ಏರಿದ್ದ ಚಿನ್ನದ ಬೆಲೆ ಇಳಿಯತೊಡಗಲು, ಮಾಲೀಕರ ಮಂಡಲಿಯು 1921ರ ಡಿಸೆಂಬರಿನಲ್ಲಿ ಯಥಾಸ್ಥಿತಿ ಒಪ್ಪಂದವನ್ನು ಕೈಬಿಡುವುದಾಗಿ ಸಾರಿತು. ಸುಮಾರು 2,000 ಬಿಳಿಯರ ಕೆಲಸಕ್ಕೆ ಸಂಚಕಾರ ಬಂದಿತು. ಜನವರಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ನಿಲ್ಲಿಸಿದರು. ಮಾರ್ಚಿ ತಿಂಗಳ ಆದಿಯಲ್ಲಿ ಮುಷ್ಕರವು ಸಶಸ್ತ್ರ ಬಂಡಾಯದ ರೂಪವನ್ನು ತಾಳಿತು. ಅದೇ ದಿನಗಳಲ್ಲಿ ಮುಷ್ಕರಗಾರರ ಗುಂಪುಗಳು ಬೀದಿಗಳಲ್ಲಿ ಆಫ್ರಿಕನರ ಮೇಲೆ ಬಿದ್ದು ಅನೇಕರನ್ನು ಕೊಂದುವು. ಪ್ರಧಾನಿ ಸ್ಮಟ್ಸ್ ಮಾರ್ಚಿ 10ರಂದು ಸೈನಿಕ ಶಾಸನವನ್ನು ಹೇರಿ, ವಿಮಾನಗಳಿಂದಲೂ ಫಿರಂಗಿಗಳಿಂದಲೂ ಬಂಡಾಯವನ್ನು ಮುರಿದನು. ಕೊನೆಗೆ ನಾಲ್ವರನ್ನು ನೇಣಿಗೇರಿಸಲಾಯಿತು. ಅವರಲ್ಲಿ ಮೂವರು ಕೆಂಬಾವುಟದ ಹಾಡನ್ನು ಹಾಡುತ್ತ ಪ್ರಾಣಬಿಟ್ಟರು. ಮತ್ತೊಬ್ಬನ ಮೇಲಿದ್ದುದು ಆಫ್ರಿಕನರನ್ನು ಕೊಂದ ಅಪರಾಧ.

1921ರಲ್ಲಿ ಸ್ಥಾಪಿತವಾಗಿದ್ದ ಕಮ್ಯೂನಿಸ್ಟ್ ಪಕ್ಷವು ಆಫ್ರಿಕನರ ಮೇಲಿನ ಹಲ್ಲೆಯನ್ನು ಖಂಡಿಸಿತಾದರೂ ಮುಷ್ಕರವನ್ನು ಬೆಂಬಲಿಸಿತು. ಬಂಡವಾಳದೊಡನೆ ಹೋರಾಡುತ್ತ ಹೋದಂತೆ ವರ್ಣದ್ವೇಷವು ತಾನಾಗಿ ಕರಗೀತೆಂಬುದು ಅದರ ನಾಯಕರ ನಿರೀಕ್ಷೆ. ಅದು ಕರಗಲಿಲ್ಲ. 1924ರಲ್ಲಿ ಹರ್ಟ್‌ಜಾಗನ ರಾಷ್ಟ್ರೀಯ ಪಕ್ಷವೂ ಕ್ರೆಸ್ವೆಲ್ಲನ ಲೇಬರ್ ಪಕ್ಷವೂ ಕೂಡಿ ಸರ್ಕಾರವನ್ನು ರಚಿಸಿದುವು. ಅದೇ ವರ್ಷದ ಕೈಗಾರಿಕಾ ಸಂಧಾನದ ಕಾಯಿದೆಯು ರಹದಾರಿ ಹೊಂದಿದ ಆಫ್ರಿಕನರನ್ನು ‘ನೌಕರ’ ಎಂಬ ಪದದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತ್ತು. ನ್ಯಾಯಾಲಯವು 1923ರಲ್ಲಿ ಅಸಿಂಧುವೆಂದಿದ್ದ ವರ್ಣನಿಯಮಗಳಿಗೆ ಹೊಸ ಸರ್ಕಾರದ 1926ರ ಕಾಯಿದೆಯು ಮರುಜೀವ ಕೊಟ್ಟಿತು. ಏಷ್ಯದವರನ್ನೂ ಅದು ಆಫ್ರಿಕನರೊಡನೆಯೇ ಹೊರಗಿಟ್ಟಿತು. ಕಮ್ಯೂನಿಸ್ಟರಲ್ಲಿ ಮಾತ್ರ ಬಂಟಿಂಗ್ ಮೊದಲಾದವರು ಆಫ್ರಿಕನರ ಕಡೆಗೆ ತಿರುಗಿದರು. 1928ರ ವೇಳೆಗೆ ಆ ಪಕ್ಷದ ಸದಸ್ಯರಲ್ಲಿ ಬಹುಪಾಲು ಅವರೇ ಆಗಿದ್ದರು.

ಸೋತ ಬಿಳಿಯ ಕಾರ್ಮಿಕರು ಹೀಗೆ ಚುನಾವಣೆಯ ಮೂಲಕ ಮೀಸಲನ್ನು ಗಳಿಸಿದರು. ಮಾಲೀಕರಿಗೂ ದೊಡ್ಡ ನಷ್ಟವಾಗಲಿಲ್ಲ. ಬಂಡಾಯ ಮುರಿದೊಡನೆಯೇ ಬಿಳಿಯರ ಕೂಲಿಯನ್ನು ಅವರು ಇಳಿಸಿದ್ದರು, ಅಗ್ಗದ ಕೂಲಿಯ ಏರ್ಪಾಡಂತೂ ಹಾಗೆಯೇ ಉಳಿಯಿತು. ಈ ಸಂಧಾನದ ಬೆಲೆ ತೆತ್ತವನು ಮಾತುಕತೆಯಲ್ಲಿ ಸ್ಥಾನವೇ ಇಲ್ಲದಿದ್ದವನು. 1911ರಲ್ಲಿ ಗಣಿಗಳ ಬಿಳಿಯರ ನಗದು ಸಂಬಳವು ಆಫ್ರಿಕನರದಕ್ಕಿಂತ ಸುಮಾರು 12 ಪಟ್ಟು ಹೆಚ್ಚಾಗಿತ್ತು; 1969ರಲ್ಲಿ ಸುಮಾರು 20 ಪಟ್ಟು. ಬೆಲೆಯೇರಿಕೆಯನ್ನು ಕಳೆದು ನೋಡಿದರೆ, ಆ ಅವಧಿಯಲ್ಲಿ ಆಫ್ರಿಕನ್ ಕಾರ್ಮಿಕನ ನಗದು ಕೂಲಿ ಹೆಚ್ಚಲೇ ಇಲ್ಲ. ವರ್ಣದ ಮೀಸಲು ಗಣಿಯ ಕಾನೂನಿನಿಂದ ತೊಲಗಲು 1987ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಬಿಳಿಯ ಕಾರ್ಮಿಕರ ಹೋರಾಟವು ಕಪಟವಾಗಿತ್ತೆಂದು ನಾವು ಹೇಳಲಾರೆವು. ಬಂಡವಾಳದ ವಿರುದ್ಧ ಅವರು ಪ್ರಾಣವನ್ನೇ ಒತ್ತೆಯಿಟ್ಟರು. ಆದರೆ ತಮಗೆ ದೊರೆತಿದ್ದ ವಿಶೇಷ ಸ್ಥಾನವನ್ನೇ ಅವರು ಹಕ್ಕೆಂದು ಎಣಿಸಿದರು. ಅವರನ್ನು ಅಂಜಿಸಿದ ಅಗ್ಗದ ಕೂಲಿಯು ಆಫ್ರಿಕನರ ದಾಸ್ಯದಿಂದಲೇ ಹುಟ್ಟಿದುದು. ಆ ದಾಸ್ಯದ ವಿರುದ್ಧ ಅವರು ಒಂದು ದಿನವೂ ಮುಷ್ಕರ ಹೂಡಲಿಲ್ಲ. ಚಳುವಳಿಯೊಂದನ್ನು ಅಳೆಯುವಾಗ ಅದು ಯಾರನ್ನು ಎದುರಿಸಿತೆಂಬುದರ ಜೊತೆಗೆ, ಯಾರನ್ನು ತನ್ನವರೆಂದು ಎಣಿಸಿತೆಂಬುದನ್ನೂ ಇತಿಹಾಸದ ವಿದ್ಯಾರ್ಥಿಯು ಕೇಳಬೇಕಾಗುತ್ತದೆ.