ಸೀಸೆಯೊಳಗಣ ಅರಿಷ್ಟ

ಕೊಳ್ಳುವ ಪದಾರ್ಥಗಳಲ್ಲೆಲ್ಲ ಔಷಧವು ಒಂದು ವಿಶೇಷ ಬಗೆಯದು. ಅಕ್ಕಿ ಮುಗ್ಗಿದ್ದರೆ ಮೂಗು ತಿಳಿಸುತ್ತದೆ. ಬಟ್ಟೆ ಜಾಳಾಗಿದ್ದರೆ ಕೈ ತಿಳಿಸುತ್ತದೆ. ಔಷಧದ ಗುಣದೋಷಗಳನ್ನರಿಯಲು ಕೊಳ್ಳುವವನಲ್ಲಿ ಯಾವ ಸಾಧನವೂ ಇಲ್ಲ. ಮಾಡಿದವನನ್ನೂ ಮಾರಿದವನನ್ನೂ ಬರೆದುಕೊಟ್ಟ ವೈದ್ಯನನ್ನೂ ನಂಬಿ, ಕಣ್ಣು ಮುಚ್ಚಿ ಕುಡಿಯುವುದೊಂದೇ ಅವನ ಪಾಲಿಗೆ ಉಳಿದ ದಾರಿ. ಈ ನಂಬುಗೆಗೆ ಕಾನೂನಿನ ಕಾವಲು ದೊರೆತುದು ಬಹಳ ಈಚೆಗೆ. ಅದು ದೊರೆತ ಬಗೆಯಾದರೋ ದುಃಖಕರವಾದುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1937ರಲ್ಲಿ ನಡೆದ ಒಂದು ದುರಂತದಿಂದ ಈ ಚರಿತ್ರೆಯ ಮುಖ್ಯ ಅಧ್ಯಾಯವು ತೆರೆಯುತ್ತದೆ.

1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಎಂಬ ವಿಜ್ಞಾನಿಯು ಪ್ರಾಂಟೊಸಿಲ್ ಎಂಬ ಕೆಂಬಣ್ಣದ ವಸ್ತುವಿನಿಂದ ರಕ್ತದ ನಂಜನ್ನು ಗುಣಪಡಿಸಬಹುದೆಂದು ಪ್ರಕಟಿಸಿದನು. ಅದರಲ್ಲಿ ಕೆಲಸ ಮಾಡುವ ಅಂಶವು ಸಲ್ಫನಿಲಮೈಡ್ ಎಂಬುದನ್ನು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಅದೇ ವರ್ಷ ತೋರಿಸಿಕೊಟ್ಟರು. ಪೆನಿಸಿಲಿನ್ ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ಗಂಟಲುಬೇನೆಯಿಂದ ಬಳಲುವ ಮಕ್ಕಳಿಗೂ ನಂಜುಜ್ವರಕ್ಕೆ ಸಿಕ್ಕಿದ ಬಾಣಂತಿಯರಿಗೂ ಈ ಔಷಧವು ಸಂಜೀವಿನಿಯಂತೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ವಾಸ್ತವವಾಗಿ ಅದು ಒಳ್ಳೆಯ ಔಷಧವೇ ಆಗಿದ್ದಿತು. ಕೇಡು ಬಂದುದು ಔಷಧದಿಂದಲ್ಲ, ಅದನ್ನು ಕರಗಿಸಿದ ದ್ರವದಿಂದ.

ಸಲ್ಫನಿಲಮೈಡ್ ಗುಳಿಗೆಯಾಗಿಯೂ ಪುಡಿಯಾಗಿಯೂ ದೊರೆಯುತ್ತಿದ್ದಿತು. ಮಕ್ಕಳು ಗುಳಿಗೆ ನುಂಗಲೊಲ್ಲರು. ಕುಡಿಯುವಂಥ ಔಷಧಕ್ಕೆ ಗಿರಾಕಿಗಳಿದ್ದಾರೆಂದು ಟೆನೆಸೀ ಸಂಸ್ಥಾನದ ಬ್ರಿಸ್ಟಲ್ ಊರಿನ ಮ್ಯಾಸೆಂಗಿಲ್ ಕಂಪೆನಿಗೆ ವರ್ತಮಾನ ಬಂದಿತು. ಅದರ ಮುಖ್ಯ ರಸಾಯನಜ್ಞನಾದ ಹೆರಾಲ್ಡ್ ವಾಟ್ಕಿನ್ಸ್, ಸುಲಭವಾಗಿ ಕರಗದ ಈ ವಸ್ತುವು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಕರಗುವುದನ್ನು ಕಂಡುಕೊಂಡನು. ರಾಸ್ಪ್‌ಬೆರಿ ಹಣ್ಣಿನ ವಾಸನೆ ಕೂಡಿಸಿದ್ದಾಯಿತು. ಕಂಪೆನಿಯವರು ಬಣ್ಣವನ್ನು ಪರೀಕ್ಷಿಸಿದರು, ರುಚಿಯನ್ನು ಪರೀಕ್ಷಿಸಿದರು, ಪರಿಮಳವನ್ನು ಪರೀಕ್ಷಿಸಿದರು. ಕುಡಿದವರು ಬದುಕುವರೇ ಎಂಬುದೊಂದನ್ನು ಮಾತ್ರ ಪರೀಕ್ಷಿಸಲಿಲ್ಲ. ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಬೇಕೆಂದು ವಿಧಿಸುವ ಕಾಯಿದೆಯೂ ಆಗ ಇರಲಿಲ್ಲ. 'ಎಲಿಕ್ಸಿರ್ ಸಲ್ಫನಿಲಮೈಡ್' ಎಂಬ ಹೆಸರಿನಿಂದ ಅದು ಆ ವರ್ಷದ ಸೆಪ್ಟೆಂಬರಿನಲ್ಲಿ ದೇಶದ ನಾನಾ ಭಾಗಗಳಿಗೆ ರವಾನೆಯಾಯಿತು.

ಅಕ್ಟೋಬರಿನಲ್ಲಿ ಒಕ್ಲಹೋಮಾ ಸಂಸ್ಥಾನದ ಟಲ್ಸಾ ನಗರದಿಂದ ಸಾವಿನ ಸುದ್ದಿ ಬಂದಿತು. ಔಷಧ ಕುಡಿದವರಿಗೆ ಹೊಟ್ಟೆಯಲ್ಲಿ ಸಂಕಟ, ವಾಂತಿ. ಆ ಮೇಲೆ ಮೂತ್ರ ಕಟ್ಟುವುದು. ಹಲವು ದಿನಗಳ ನರಳಾಟವಾದ ಬಳಿಕ ಮರಣ. ಅಮೆರಿಕದ ವೈದ್ಯಸಂಘದವರು ಷಿಕಾಗೋ ನಗರದ ತಮ್ಮ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಮೂತ್ರಪಿಂಡಗಳನ್ನು ಕೆಡಿಸುತ್ತಿದ್ದ ವಿಷವು ಆ ಸಿಹಿದ್ರವವೇ ಎಂದು ನಿರ್ಣಯಿಸಿದರು. ಹಾಲೆಂದು ಕುಡಿದುದು ಹಾಲಾಹಲವಾಗಿದ್ದಿತು.

ಈಗ ಸರ್ಕಾರವು ಮಾಡಬೇಕಾದುದೇನು? ಮಾರಾಟದಲ್ಲಿದ್ದ ಸೀಸೆಗಳನ್ನು ವಶಪಡಿಸಿಕೊಳ್ಳಬೇಕು. ಆದರೆ 1906ರ ಕಾಯಿದೆಯ ಪ್ರಕಾರ ವಿಷಕರವಾದ ಔಷಧವನ್ನು ಮಾರುವುದು ಅಪರಾಧವಾಗಿರಲಿಲ್ಲ. ಚೀಟಿಯ ಮೇಲೆ ಸುಳ್ಳು ಬರೆಯುವುದು ಮಾತ್ರ ಅಪರಾಧ. ನಮ್ಮ ವೈದ್ಯರ ಆಸವ ಅರಿಷ್ಟಗಳಲ್ಲಿ ಹುಳಿತದಿಂದ ಹುಟ್ಟಿದ ಮದ್ಯಾಂಶವಿರುವಂತೆ, 'ಎಲಿಕ್ಸಿರ್' ಎಂದು ಕರೆಯಬೇಕಾದರೆ ಅದರಲ್ಲಿ ಮದ್ಯಸಾರವಿರಬೇಕು. ಈ ಸೀಸೆಯಲ್ಲಿ ಅದು ಇರಲಿಲ್ಲ. ಹೆಸರು ತಪ್ಪಾಯಿತೆಂಬ ಆ ಒಂದು ನೆವದಿಂದಲೇ ಅಧಿಕಾರಿಗಳು ಅದನ್ನು ಹಿಡಿಯಲು ಶಕ್ತರಾದರು. ಅದೇ ಕಂಪೆನಿಯವರು 'ದ್ರಾವಣ' ಎಂದು ಬರೆದಿದ್ದರೆ ಕಾಯಿದೆಯು ಕೈಕಟ್ಟಿಕೊಂಡು ನಿಲ್ಲಬೇಕಾಗುತ್ತಿದ್ದಿತು. ನಮ್ಮ ಭಾಷೆಯಲ್ಲಿ ಅರಿಷ್ಟವೆಂಬ ಮಾತಿಗೆ ಔಷಧವೆಂದೂ ಕೇಡೆಂದೂ ಎರಡು ಅರ್ಥಗಳುಂಟು. ಅಲ್ಲಿ ಆ ಎರಡನೆಯ ಅರ್ಥವು ನ್ಯಾಯಾಲಯದ ಕಣ್ಣಿಗೆ ಬೀಳುವಂತಿರಲಿಲ್ಲ.

ಸೀಸೆಗಳ ಬೇಟೆಯು ದೊಡ್ಡ ಸಾಹಸವಾಯಿತು. ಕಂಪೆನಿಯು ಮೊದಲು ಕಳುಹಿಸಿದ ತಂತಿಗಳಲ್ಲಿ ಔಷಧವನ್ನು ಹಿಂದಿರುಗಿಸಬೇಕೆಂದು ಮಾತ್ರ ಇದ್ದಿತು. ಪ್ರಾಣಾಪಾಯದ ಮಾತನ್ನು ಸೇರಿಸಿದುದು ಅಧಿಕಾರಿಗಳು ಒತ್ತಾಯಪಡಿಸಿದ ಮೇಲೆ. ಆಹಾರ ಮತ್ತು ಔಷಧಗಳ ಇಲಾಖೆಯ 239 ಮಂದಿ ಪರೀಕ್ಷಕರಲ್ಲಿ ಬಹುಮಟ್ಟಿಗೆ ಎಲ್ಲರೂ ಊರೂರು ಅಲೆದರು. ಅಂಗಡಿಗಳ ಲೆಕ್ಕಪುಸ್ತಕಗಳನ್ನು ತಿರುವಿ, ವೈದ್ಯರ ಚೀಟಿಗಳನ್ನು ಹುಡುಕಿ, ಮನೆಬಾಗಿಲುಗಳನ್ನು ತಟ್ಟಿದರು. ಔಷಧ ಕೊಂಡು ಗುಡ್ಡಗಾಡಿಗೆ ಹೊರಟುಹೋಗಿದ್ದ ಸಂಸಾರವೊಂದರ ಮೂರು ವರ್ಷದ ಮಗುವನ್ನು ಹುಡುಕುವುದರಲ್ಲಿ ನೆರವಾಗಲೆಂದು ವೈದ್ಯನೊಬ್ಬನು ತನ್ನ ಮದುವೆಯನ್ನೇ ಮುಂದಕ್ಕೆ ಹಾಕಿದನು. ತಯಾರಾಗಿದ್ದ 240 ಗ್ಯಾಲನುಗಳಲ್ಲಿ 234 ಗ್ಯಾಲನುಗಳಿಗೆ ತುಸು ಮೇಲ್ಪಟ್ಟು ಕೈವಶವಾಯಿತು. ಉಳಿದ ಸುಮಾರು ಆರು ಗ್ಯಾಲನುಗಳು ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ಅವರಲ್ಲಿ ಅನೇಕರು ಮಕ್ಕಳು.

ಕಂಪೆನಿಯ ಒಡೆಯನು ತನ್ನ ಮೇಲೆ ಹೊಣೆಯಿಲ್ಲವೆಂದನು. ವಾಟ್ಕಿನ್ಸ್ ಆತ್ಮಹತ್ಯೆ ಮಾಡಿಕೊಂಡನು. ತಪ್ಪು ಹೆಸರಿಟ್ಟ ಅಪರಾಧಕ್ಕಾಗಿ ಕಂಪೆನಿಯು ತೆತ್ತ ದಂಡ 26,100 ಡಾಲರು. ಟಲ್ಸಾ ನಗರದ ತಾಯಿಯೊಬ್ಬಳು, ತೀರಿಹೋದ ತನ್ನ ಆರು ವರ್ಷದ ಮಗಳ ವಿಷಯವಾಗಿ ಅಧ್ಯಕ್ಷ ರೂಸ್‌ವೆಲ್ಟರಿಗೆ ಕಾಗದ ಬರೆದು, ಇಂಥ ಔಷಧಗಳ ಮಾರಾಟವನ್ನು ತಡೆಯಬೇಕೆಂದು ಬೇಡಿಕೊಂಡಳು. ವರ್ಷಗಟ್ಟಲೆ ಶಾಸನಸಭೆಯಲ್ಲಿ ತೆವಳುತ್ತಿದ್ದ ಮಸೂದೆಯು 1938ರ ಜೂನಿನಲ್ಲಿ ಕಾಯಿದೆಯಾಯಿತು. ಹೊಸ ಔಷಧವು ನಿರಪಾಯಕರವೆಂದು ಮಾರುವುದಕ್ಕೆ ಮೊದಲೇ ತೋರಿಸಿಕೊಡುವ ಭಾರವು ಅಂದಿನಿಂದ ತಯಾರಕನ ಮೇಲೆ ಬಿದ್ದಿತು.

ಈ ವಿಷದ ಗುಣವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ ಷಿಕಾಗೋ ವಿಶ್ವವಿದ್ಯಾನಿಲಯದವರಲ್ಲಿ ಫ್ರಾನ್ಸಿಸ್ ಓಲ್ಡಂ ಎಂಬ ವಿದ್ಯಾರ್ಥಿನಿಯೂ ಇದ್ದಳು. ವಿವಾಹಾನಂತರ ಫ್ರಾನ್ಸಿಸ್ ಕೆಲ್ಸಿಯೆನಿಸಿದ ಈಕೆಯು 1960ರಲ್ಲಿ ಅದೇ ಔಷಧ ಇಲಾಖೆಯ ಅಧಿಕಾರಿಣಿಯಾಗಿ ಬಂದಾಗ, ಯುರೋಪಿನಲ್ಲಿ ಹೆಸರಾಗಿದ್ದ ಥಾಲಿಡೊಮೈಡ್ ಎಂಬ ನಿದ್ರೌಷಧದ ಅರ್ಜಿಯು ಮೇಜಿನ ಮೇಲಿದ್ದಿತು. ಕಂಪೆನಿಯವರು ಎಷ್ಟು ಅವಸರಪಡಿಸಿದರೂ, ಆಧಾರಗಳು ಸಾಲವೆಂದು ಆಕೆಯು ಒಪ್ಪಿಗೆ ಕೊಡಲಿಲ್ಲ. ಬಸುರಿಯರು ಅದನ್ನು ಸೇವಿಸಿದ ದೇಶಗಳಲ್ಲಿ ಸಾವಿರಾರು ಶಿಶುಗಳು ಕೈಕಾಲುಗಳ ಊನದಿಂದ ಹುಟ್ಟಿದುವು. ಅಮೆರಿಕದಲ್ಲಿಯೂ ಪರೀಕ್ಷೆಯ ಹೆಸರಿನಿಂದ ಸಾವಿರಕ್ಕೂ ಹೆಚ್ಚು ವೈದ್ಯರ ಕೈಗೆ ಆ ಗುಳಿಗೆಗಳು ಸೇರಿದ್ದುವು. ತಾವು ಪ್ರಯೋಗದ ವಸ್ತುಗಳಾಗಿರುವೆವೆಂಬುದು ಅನೇಕ ರೋಗಿಗಳಿಗೆ ತಿಳಿದಿರಲಿಲ್ಲ. 1962ರ ತಿದ್ದುಪಡಿಯು ಔಷಧದ ಪರಿಣಾಮಕ್ಕೂ ಪ್ರಮಾಣವನ್ನು ಬೇಡಿತು. ಪ್ರಯೋಗಕ್ಕೊಳಗಾಗುವ ರೋಗಿಯ ಒಪ್ಪಿಗೆಯನ್ನೂ ವಿಧಿಸಿತು. ಹೀಗೆ ರೋಗಿಯ ಹಕ್ಕೆಂಬ ಮಾತು ಕಾಯಿದೆಯ ಪುಟವನ್ನು ಸೇರಿತು.

ನಮ್ಮ ದೇಶವೂ ಈ ಚರಿತ್ರೆಯ ಹೊರಗಿಲ್ಲ. ಕಲಬೆರಕೆಯ ಔಷಧಗಳ ವಿಚಾರಣೆಗಾಗಿ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಅದರ ಫಲವಾಗಿ 1940ರಲ್ಲಿ ಔಷಧಗಳ ಕಾಯಿದೆಯು ಹುಟ್ಟಿತು. ಕಾಯಿದೆಯಿದ್ದೂ 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ, ಅದೇ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ ಕುಡಿದು 14 ಮಂದಿ ರೋಗಿಗಳು ಮಡಿದರು. ನ್ಯಾಯಮೂರ್ತಿ ಲೆಂಟಿನ್ ಅವರ ವಿಚಾರಣೆಯು ಆಸ್ಪತ್ರೆಯ ಖರೀದಿಯಲ್ಲಿಯೂ ಸರ್ಕಾರದ ಮೇಲ್ವಿಚಾರಣೆಯಲ್ಲಿಯೂ ಇದ್ದ ಕೊಳಕನ್ನು ಬಯಲಿಗೆಳೆಯಿತು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಹೋದಾಗ, ವಿಶ್ವ ಆರೋಗ್ಯ ಸಂಸ್ಥೆಯು ಭಾರತದಲ್ಲಿ ತಯಾರಾದ ನಾಲ್ಕು ಪಾನಕೌಷಧಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹೊರದೇಶಕ್ಕೆ ಹೋಗುವ ಕೆಮ್ಮಿನ ಔಷಧವನ್ನು ಸರ್ಕಾರವು ಒಪ್ಪಿದ ಪ್ರಯೋಗಶಾಲೆಯಲ್ಲಿ ಮೊದಲೇ ಪರೀಕ್ಷಿಸಬೇಕೆಂಬ ನಿಯಮವು 2023ರ ಜೂನಿನಲ್ಲಿ ಜಾರಿಗೆ ಬಂದಿತು.

ಒಂದೇ ವಿಷವು ಮತ್ತೆ ಮತ್ತೆ ಬರುವುದಕ್ಕೆ ಕಾರಣವೂ ಸರಳವಾದುದು. ಅದು ಗ್ಲಿಸರಿನ್ನಿನಂತೆಯೇ ಸಿಹಿ, ಅದರಂತೆಯೇ ಮಂದ, ಅದಕ್ಕಿಂತ ಅಗ್ಗ. ಪೀಪಾಯಿಯ ಮೇಲಿನ ಚೀಟಿಯನ್ನು ಓದಿ ತೃಪ್ತರಾಗದೆ, ಒಳಗಿನ ದ್ರವವನ್ನು ಪರೀಕ್ಷಿಸಿದರೆ ಅದು ಸಿಕ್ಕಿಬೀಳುತ್ತದೆ. ಕಷ್ಟವಿರುವುದು ವಿದ್ಯೆಯ ಕೊರತೆಯಲ್ಲಲ್ಲ, ಶ್ರದ್ಧೆಯ ಕೊರತೆಯಲ್ಲಿ.

ಹಣ ತೆತ್ತು ಚಿಕಿತ್ಸೆ ಪಡೆಯುವ ರೋಗಿಯು ಗ್ರಾಹಕನೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿದೆ. ಚಿಕಿತ್ಸೆಗೆ ರೋಗಿಯ ತಿಳಿದ ಒಪ್ಪಿಗೆ ಅಗತ್ಯವೆಂದು 2008ರಲ್ಲಿ ಎತ್ತಿ ಹೇಳಿದೆ. ಇವು ದೊಡ್ಡ ಲಾಭಗಳೇ ಸರಿ. ಆದರೂ ಹಕ್ಕು ಬಳಸಿದಷ್ಟೇ ಬಾಳುವುದು. ಸೀಸೆಯ ಮೇಲೆ ತಯಾರಕನ ಹೆಸರು, ತಂಡದ ಸಂಖ್ಯೆ, ಅವಧಿಯ ತಾರೀಖು ಇವುಗಳನ್ನು ಓದುವುದು, ಅಂಗಡಿಯವನಿಂದ ರಸೀತಿ ಪಡೆಯುವುದು, ಇದೇಕೆಂದು ವೈದ್ಯನನ್ನು ವಿನಯದಿಂದ ಕೇಳುವುದು, ಇವು ಅಪನಂಬಿಕೆಯ ಲಕ್ಷಣಗಳಲ್ಲ. 1937ರಲ್ಲಿ ಪರೀಕ್ಷಕರು ಮನೆಮನೆಗೆ ಹೋಗಿ ಉಳಿದ ಸೀಸೆಗಳನ್ನು ಪತ್ತೆಮಾಡಲು ಸಾಧ್ಯವಾದುದು, ಯಾರಿಗೆ ಏನು ಕೊಟ್ಟೆವೆಂದು ಎಲ್ಲಿಯೋ ಒಬ್ಬನು ಬರೆದಿಟ್ಟಿದ್ದುದರಿಂದ. ಆ ಬರಹವಿಲ್ಲದ ಕಡೆಗಳಲ್ಲಿ ಸೀಸೆಯನ್ನು ಪತ್ತೆಮಾಡುವುದು ಬಹಳ ಕಷ್ಟವಾಯಿತು.