ಜಿಡ್ಡುನೀರಿನಿಂದ ಕಾಣದ ಗಾಜಿನವರೆಗೆ

ಮಳೆ ನಿಂತ ರಸ್ತೆಯ ನೀರಿನ ಮೇಲೆ ಬಿದ್ದ ಪೆಟ್ರೋಲ್ ಹನಿ ಕಾಮನಬಿಲ್ಲಾಗಿ ಹರಡುವುದನ್ನು ನಾವೆಲ್ಲ ನೋಡಿದ್ದೇವೆ. ಆ ಬಣ್ಣ ಪೆಟ್ರೋಲಿನದಲ್ಲ, ಪೊರೆಯ ತೆಳುವಿನದು. ಪೊರೆಯ ಮೇಲಿನಿಂದಲೂ ತಳದಿಂದಲೂ ಹಿಂದಿರುಗುವ ಬೆಳಕಿನ ಅಲೆಗಳು ಕೆಲವೆಡೆ ಕೂಡಿಕೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಇಂಥ ಪೊರೆಗಳನ್ನು ಅಳೆದು, ಪದರದ ಮೇಲೆ ಪದರವಾಗಿ ಜೋಡಿಸುವ ವಿದ್ಯೆಯ ಒಂದು ಬೇರು ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಒಂದು ಮನೆಯಲ್ಲಿದೆ.

ಆಗ್ನೆಸ್ ಪೊಕೆಲ್ಸ್ ಹುಟ್ಟಿದ್ದು 1862ರಲ್ಲಿ. ಭೌತವಿಜ್ಞಾನ ಓದುವ ಆಸೆಯಿತ್ತು. ಆದರೆ ಅಲ್ಲಿನ ವಿಶ್ವವಿದ್ಯಾಲಯಗಳ ಬಾಗಿಲು ಆಗ ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ತಮ್ಮ ಫ್ರೀಡ್ರಿಷ್ ಗಟಿಂಗೆನ್‌ಗೆ ಓದಲು ಹೋದ. ಅಕ್ಕ ಕಾಯಿಲೆಯ ತಂದೆತಾಯಿಯನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಉಳಿದರು, ತಮ್ಮ ಕಳಿಸಿದ ಪುಸ್ತಕಗಳನ್ನು ಓದಿಕೊಂಡರು. ಪಾತ್ರೆ ತೊಳೆದ ಜಿಡ್ಡುನೀರೇ ಅವರನ್ನು ಪ್ರಯೋಗಕ್ಕೆ ಎಳೆಯಿತೆಂದು ಮನೆಯವರ ನೆನಪು.

ಅವರ ಉಪಕರಣ ಬಹಳ ಸರಳ: 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಒಂದು ತಗಡಿನ ತೊಟ್ಟಿ. ಅದರ ಅಂಚಿನವರೆಗೆ ನೀರು, ಅಡ್ಡಲಾಗಿ ನೀರಿಗೆ ತಾಗುವಂತೆ ಒಂದು ತಗಡಿನ ಪಟ್ಟಿ. ಪಟ್ಟಿಯನ್ನು ಸರಿಸಿದರೆ ಮೇಲ್ಮೈಯ ಜಿಡ್ಡು ಒತ್ತೊತ್ತಾಗುತ್ತದೆ ಅಥವಾ ಹರಡಿಕೊಳ್ಳುತ್ತದೆ. ನೀರಿಗೆ ತಾಗಿದ ಸಣ್ಣ ಬಿಲ್ಲೆಯೊಂದನ್ನು ಮೇಲೆತ್ತಲು ಬೇಕಾದ ಬಲವನ್ನು ತಕ್ಕಡಿಯಲ್ಲಿ ತೂಗಿ ಅವರು ಮೇಲ್ಮೈ ಎಳೆತವನ್ನು ಅಳೆದರು. ಜಿಡ್ಡಿಗೆ ಸಾಕಷ್ಟು ಜಾಗವಿರುವವರೆಗೆ ಎಳೆತ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಒಂದು ಮಿತಿಗಿಂತ ಜಾಗ ಕಿರಿದಾದೊಡನೆ ತಟ್ಟನೆ ಇಳಿಯುತ್ತದೆ. ಅಂದರೆ ಆ ಮಿತಿಯಲ್ಲಿ ಜಿಡ್ಡಿನ ಕಣಗಳು ಒಂದಕ್ಕೊಂದು ತಗುಲಿ ನಿಂತಿವೆ ಎಂಬ ಅರ್ಥ ಮುಂದೆ ಸ್ಪಷ್ಟವಾಯಿತು.

ಇದನ್ನು ಪ್ರಕಟಿಸುವುದೆಲ್ಲಿ? 1891ರ ಜನವರಿಯಲ್ಲಿ, ಇದೇ ವಿಷಯದಲ್ಲಿ ತೊಡಗಿದ್ದ ಇಂಗ್ಲೆಂಡಿನ ಲಾರ್ಡ್ ರೇಲಿಗೆ ಆಗ್ನೆಸ್ ಜರ್ಮನ್ ಭಾಷೆಯಲ್ಲೇ ಪತ್ರ ಬರೆದರು. ರೇಲಿಯವರ ಪತ್ನಿ ಅದನ್ನು ಇಂಗ್ಲಿಷಿಗೆ ತಂದರು. ಮಾರ್ಚ್ 12ರ ‘ನೇಚರ್’ ಪತ್ರಿಕೆಯಲ್ಲಿ, ರೇಲಿಯವರ ಶಿಫಾರಸಿನೊಂದಿಗೆ ಪತ್ರ ಅಚ್ಚಾಯಿತು. ದೊಡ್ಡ ವಿಜ್ಞಾನಿಯೊಬ್ಬ ಆ ಕೆಲಸವನ್ನು ತನ್ನದಾಗಿಸಿಕೊಳ್ಳದೆ ಬರೆದವರ ಹೆಸರಿನಲ್ಲೇ ಮುಂದಿಟ್ಟದ್ದು ಈ ಕತೆಯ ಒಳ್ಳೆಯ ತಿರುವು.

ಮುಂದಿನ ಅಧ್ಯಾಯ ಅಮೆರಿಕದ್ದು. ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ಅರ್ವಿಂಗ್ ಲ್ಯಾಂಗ್ಮ್ಯೂರ್, ತೊಟ್ಟಿಯ ವಿಧಾನವನ್ನು ಸುಧಾರಿಸಿ, ಇಂಥ ಪೊರೆ ಒಂದೇ ಅಣುವಿನಷ್ಟು ದಪ್ಪವೆಂದು 1917ರಲ್ಲಿ ವಿವರಿಸಿದರು. ಅವರ ಸಹೋದ್ಯೋಗಿ ಕ್ಯಾಥರೀನ್ ಬ್ಲಾಜೆಟ್ 1926ರಲ್ಲಿ ಕೇಂಬ್ರಿಡ್ಜ್‌ನಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಅವರು ಗಾಜನ್ನು ಆ ನೀರಿನಲ್ಲಿ ಮುಳುಗಿಸಿ ಎತ್ತಿದರು. ಒಂದೊಂದು ಸಲಕ್ಕೂ ಒಂದೊಂದು ಪದರ ಗಾಜಿಗೆ ಅಂಟಿತು. ಪದರ ಹೆಚ್ಚಿದಂತೆ ಬಣ್ಣ ಬದಲಾಗುತ್ತಿದ್ದುದರಿಂದ ಬಣ್ಣವೇ ದಪ್ಪದ ಅಳತೆಗೋಲಾಯಿತು. 44 ಪದರಗಳಾದಾಗ ಲೇಪದ ದಪ್ಪ ಮಿಲಿಮೀಟರಿನ ಸುಮಾರು ಹತ್ತು ಸಾವಿರದ ಒಂದು ಭಾಗ. ಆಗ ಲೇಪದ ಎರಡೂ ಮುಖಗಳಿಂದ ಮರಳುವ ಬೆಳಕು ಪರಸ್ಪರ ಅಳಿಸಿಹೋಗುತ್ತದೆ. 1938ರಲ್ಲಿ ಸುದ್ದಿಯಾದ ‘ಕಾಣದ ಗಾಜು’ ಇದೇ. ಬೆರಳಿನಿಂದ ಒರೆಸಿದರೆ ಆ ಲೇಪ ಹೋಗಿಬಿಡುತ್ತಿತ್ತು. ನಿರ್ವಾತದಲ್ಲಿ ಹಾಕುವ ಗಟ್ಟಿ ಲೇಪಗಳು ಅದರ ಜಾಗಕ್ಕೆ ಬಂದವು. ಕ್ಯಾಮೆರಾ ಮಸೂರದ ನೇರಳೆ ಛಾಯೆಯ ಹಿಂದೆ ಇರುವುದೂ ಇದೇ ತತ್ವ.

1932ರಲ್ಲಿ ಲ್ಯಾಂಗ್ಮ್ಯೂರ್‌ಗೆ ನೊಬೆಲ್ ಬಂತು. ಅದೇ ವರ್ಷ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯ ಎಪ್ಪತ್ತರ ಆಗ್ನೆಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮೂರು ವರ್ಷಗಳ ನಂತರ ಅವರು ತೀರಿಕೊಂಡರು. ಇಂದು ಪ್ರಯೋಗಾಲಯಗಳಲ್ಲಿ ಆ ತೊಟ್ಟಿಯನ್ನು ಸಾಮಾನ್ಯವಾಗಿ ಕರೆಯುವುದು ಲ್ಯಾಂಗ್ಮ್ಯೂರ್ ತೊಟ್ಟಿಯೆಂದೇ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ‘ಪೊಕೆಲ್ಸ್ ಪರಿಣಾಮ’ ಗೊತ್ತು. ಅದು ತಮ್ಮನ ಹೆಸರು.