ಪಂಬಬ್ಬೆಯ ಮೂವತ್ತು ವರ್ಷ

ಅಜ್ಜಂಪುರದ ನಮ್ಮ ಹೊಲದಲ್ಲಿ ಈರುಳ್ಳಿ ಕಿತ್ತು ರಾಶಿ ಹಾಕಿದ್ದೆವು. ರಾತ್ರಿ ಕಾವಲಿಗೆ ನನ್ನ ಜೊತೆ ಬಂದಿದ್ದ ಮೊಮ್ಮಗಳು ಆಕಾಶ ನೋಡುತ್ತಾ ಕೇಳಿದಳು: “ಅಜ್ಜ, ವಿಶ್ವಕ್ಕೆ ಕೊನೇನೇ ಇಲ್ಲ ಅಂದ್ರೆ, ನಾವು ಒಳ್ಳೇದು ಮಾಡಿದ್ರೇನು, ಬಿಟ್ರೇನು?”

ನನಗೆ ಕಡೂರಿನ ಪಂಬಬ್ಬೆ ನೆನಪಾದಳು.

ಈಕೆ ಗಂಗರ ಅರಸ ಬೂತುಗನ ಅಕ್ಕ. ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ, ಕ್ರಿ.ಶ. 971ರಲ್ಲಿ ದೇಹ ಬಿಟ್ಟಳೆಂದು ಕಡೂರಿನ ಶಾಸನ ಹೇಳುತ್ತದೆ. ಬಿ. ಎಲ್. ರೈಸ್ 1901ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟದಲ್ಲಿ ಅದರ ಪಾಠವಿದೆ.

ಪಂಬಬ್ಬೆ ನಂಬಿದ ಜೈನಮತದಲ್ಲಿ ಲೋಕವನ್ನು ಯಾರೂ ಸೃಷ್ಟಿಸಿಲ್ಲ. ಅದಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಲೋಕದಾಚೆಗಿನ ಅಲೋಕಾಕಾಶಕ್ಕೆ ಎಲ್ಲೆಯೇ ಇಲ್ಲ. ಕಾಲಚಕ್ರದಲ್ಲಿ ನಾವಿರುವ ದುಷ್ಷಮ ಕಾಲವೊಂದೇ 21,000 ವರ್ಷ. ಇಷ್ಟು ದೊಡ್ಡ ಲೆಕ್ಕ ಬಲ್ಲವರು ಕೈಕಟ್ಟಿ ಕೂರಲಿಲ್ಲ. ಕರ್ಮ ಕಳೆಯದಿದ್ದರೆ ಜೀವ ಕೊನೆಯಿಲ್ಲದೆ ಅಲೆಯಬೇಕು. ಆ ಅರಿವೇ ಅವರನ್ನು ಎಚ್ಚರದಲ್ಲಿಟ್ಟಿತು. ಕಾಲಡಿ ಇರುವೆ ಸಾಯಬಾರದೆಂದು ಮುಂದಿನ ನಾಲ್ಕು ಮೊಳ ನೆಲ ನೋಡಿಯೇ ಹೆಜ್ಜೆಯಿಡಬೇಕು. ಇದಕ್ಕೆ ಈರ್ಯಾಸಮಿತಿ ಎನ್ನುತ್ತಾರೆ. ಅನಂತ ಆಕಾಶವನ್ನು ನಂಬಿದವರ ಕಣ್ಣು ಇದ್ದದ್ದು ನೆಲದ ಮೇಲೆ.

ತಪಸ್ಸಿಗೆ ಹೋಗದ ಒಕ್ಕಲುಮಕ್ಕಳಿಗೂ ನಮ್ಮ ಶಾಸನದ ಕಲ್ಲುಗಳು ಪಾಠ ಹೇಳುತ್ತವೆ. ತರೀಕೆರೆಯ ಬಳಿ ಅಮೃತಪುರದಲ್ಲಿ 1196ರಲ್ಲಿ, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲಕ್ಕೆ, ಅಮೃತೇಶ್ವರ ಗುಡಿ ಎದ್ದಿತು. ಇಂಥ ಗುಡಿಗಳಿಗೆ ನೆಲ ಬಿಟ್ಟುಕೊಟ್ಟ ಆ ಕಾಲದ ದಾನಶಾಸನಗಳ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು, ಹಸು ಕರುವನ್ನು ಕೆತ್ತುವುದು ರೂಢಿ. ಕೊಟ್ಟ ನೆಲ ಆಚಂದ್ರಾರ್ಕ, ಅಂದರೆ ಸೂರ್ಯ ಚಂದ್ರರು ಇರುವವರೆಗೆ, ನಡೆಯಬೇಕು. ಅದನ್ನು ಕಿತ್ತುಕೊಂಡವನು 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂಬ ಶಾಪವೂ ಕಡೆಗೆ ಇರುತ್ತದೆ. ಒಂದು ತುಂಡು ಗದ್ದೆಯ ನ್ಯಾಯಕ್ಕೆ ಅವರು ಇಡೀ ಆಕಾಶವನ್ನೇ ಸಾಕ್ಷಿಗೆ ಕರೆದರು.

ಇಂದು ನಮಗೆ ಕಾಣಬಲ್ಲ ವಿಶ್ವದ ಅಡ್ಡಗಲವೇ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಆಚೆಗೆ ಕೊನೆಯಿದೆಯೇ ಎಂಬುದು ವಿಜ್ಞಾನದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಆ ತೀರ್ಮಾನಕ್ಕಾಗಿ ಬದುಕು ಕಾಯಬೇಕಿಲ್ಲ.

ಮೊಮ್ಮಗಳಿಗೆ ಹೇಳಿದೆ: “ಆಕಾಶಕ್ಕೆ ಕೊನೆ ಇರಲಿ, ಇಲ್ಲದಿರಲಿ ಮಗಳೇ, ಪಕ್ಕದ ಹೊಲದ ಬದು ಒತ್ತಬಾರದು. ತೂಕದಲ್ಲಿ ಮೋಸ ಮಾಡಬಾರದು. ನಮ್ಮ ಸೀಮೆಯ ಕಲ್ಲುಗಳು ಸಾವಿರ ವರ್ಷದಿಂದ ಹೇಳುತ್ತಿರುವುದು ಇದನ್ನೇ.”